ಉಲಿಯಕ್ಕಿ ಯಾಕೆ ಕೂರುವುದಿಲ್ಲ

೧೯೮೭, ಫೆಬ್ರವರಿ ೧೫, ಭಾನುವಾರ. ನನ್ನ ಡೈರಿಯಲ್ಲಿ ಹೀಗಿದೆ: "ವಲಸೆ ಬಂದ ಎಲೆ ಉಲಿಯಕ್ಕಿ ನೋಡಲು ಬಡಾವಣೆಯವರೆಲ್ಲ ಕೆರೆ ಏರಿಗೆ ಹೋದೆವು. ಕಂಡದ್ದು: ಎಲೆ."

ಗುಬ್ಬಿಗಿಂತ ಚಿಕ್ಕದಾದ, ಎಲೆಯದೇ ಬಣ್ಣದ ಆ ಹಕ್ಕಿ ಹೊಂಗೆಮರದೊಳಗೇ ಇತ್ತು. "ಚಿಸ್ವಿ, ಚಿಸ್ವಿ" ಎನ್ನುತ್ತಿತ್ತು. ಕೆಳಗಿದ್ದವರ ಬಾಯಿ ನಿಲ್ಲಬೇಕಲ್ಲ!

"ಅಗೋ, ಹಳದಿ!" ಎಂದು ಪಕ್ಕದ ಮನೆಯ ಹಾಲೇಶಪ್ಪನವರು ಕೂಗಿದರು. ಎಲ್ಲರೂ ಬೈನಾಕ್ಯುಲರ್ ಎತ್ತಿದರು. ಹಣ್ಣೆಲೆಯೊಂದು ತೇಲಿ ಬಂದು ಅವರ ಉಪ್ಪಿಟ್ಟಿನ ಡಬ್ಬಿಗೇ ಬಿತ್ತು.

"ಇದೂ ಎಲೆಯೇ, ಹಾಲೇಶಪ್ಪನವರೇ."

"ಹಾರ್ತಲ್ಲ ಮೇಡಂ!"

"ಉದುರಿತು."

ನನ್ನ ಮಗಳು ನೀಲಾ ಅಳುವಂತಾದಳು. "ಅಮ್ಮಾ, ಅದು ಒಂದು ನಿಮಿಷ ಕೂತರೆ ಏನಂತೆ?"

ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು ನಾನು. ಎಲೆ ಯಾಕೆ ಹಣ್ಣಾಗುತ್ತದೆಂದು ನನಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೂ ಅವಳಿಗೆ ಹೇಳಿದ್ದು ಇದು.

ಲೋಕ ಇನ್ನೂ ಹಸಿಹಸಿಯಾಗಿದ್ದಾಗ ಉಲಿಯಕ್ಕಿ ಅರಿಶಿನದ ಹಾಗೆ ಹಳದಿಯಾಗಿತ್ತು. ಕೊಂಬೆಯ ತುದಿಯಲ್ಲಿ ಕೂತು ಉದ್ದುದ್ದ ಹಾಡುತ್ತಿತ್ತು. ಅದರ ಗೂಡು ಉತ್ತರದ ಬೆಟ್ಟದಲ್ಲಿ. ಅಲ್ಲಿ ಹಿಮ ಬಿದ್ದಾಗ ಅದು ಮೊದಲ ಸಲ ನಮ್ಮ ಕಡೆ ಬಂತು. ಹುಳ ತಿಂದು, ಮೈ ತುಂಬಿಕೊಂಡು, ಬೇಸಿಗೆ ಬಲಿಯುವ ಮುಂಚೆ ಮರಳಬೇಕು. ತಪ್ಪಿದರೆ ಆ ವರ್ಷ ಮೊಟ್ಟೆಯಿಲ್ಲ, ಮರಿಯಿಲ್ಲ.

ನಮ್ಮ ಕಡೆಯವರು ಬಿಡುತ್ತಾರೆಯೇ?

"ಬನ್ನಿ, ಕೂತ್ಕೊಳ್ಳಿ! ಯಾವ ಊರಾಯ್ತು?" ಎಂದಿತು ಮೈನಾ.

"ಉತ್ತರದ ಬೆಟ್ಟ. ಸ್ವಲ್ಪ ಹುಳ ಹಿಡಿಯೋದಿತ್ತು..."

"ಹಿಡಿಯುವಿರಂತೆ, ಕೂತ್ಕೊಳ್ಳಿ."

ಉಲಿಯಕ್ಕಿ ಕೂತಿತು. ಅಲ್ಲಿಂದ ಎದ್ದರೆ ಪಕ್ಕದ ಕೊಂಬೆಯಲ್ಲಿ ಪಿಕಳಾರ. "ಅವರ ಮನೇಲಿ ಕೂತಿರಿ, ನಮ್ಮನೇಲಿ ಕೂರಲ್ವಾ? ನಾವೇನು ಬೇರೆಯವರಾ?"

ಮತ್ತೆ ಕೂತಿತು.

"ಒಂದು ಹಾಡು ಹೇಳಿ, ಆಮೇಲೆ ಹೊರಡುವಿರಂತೆ" ಎಂದಿತು ಕಾಗೆ.

ಹಾಡಿತು. ಎಲ್ಲರೂ ಕೂರಿಸಿದರು. ಒಬ್ಬರೂ ಒಂದು ಹುಳ ಕೊಡಲಿಲ್ಲ.

ಗಾಳಿ ಬಂದು ಬೈಯಿತು. "ಏ ಹುಚ್ಚಿ, ಬಿಸಿಲು ಏರ್ತಾ ಇದೆ. ನಾನು ಉತ್ತರಕ್ಕೆ ತಿರುಗೋ ಹೊತ್ತಾಯ್ತು. ಈ ಒಣಕಲು ಮೈಯಲ್ಲಿ ಎಷ್ಟು ದೂರ ಬರ್ತೀಯಾ?"

ಉಲಿಯಕ್ಕಿ ಹೊಂಗೆಮರದೊಳಗೆ ನುಗ್ಗಿತು. "ಅಮ್ಮಾ, ಬೇಡ ಅನ್ನೋಕೆ ನನಗೆ ಬಾಯೇ ಬರಲ್ಲ. ಬಚ್ಚಿಡು ನನ್ನ."

"ಕಂಡರೆ ತಾನೇ ಕರೀತಾರೆ?" ಎಂದಿತು ಮರ. "ನನ್ನ ಎಲೆಯ ಬಣ್ಣ ತಗೋ, ನಿನ್ನ ಹಳದಿ ಕೊಡು. ನನ್ನ ಎಲೆಗಳು ಮನೆ ಬಿಡೋ ದಿನ ಉಟ್ಟುಕೊಳ್ಳಲಿ. ಹಾಡಬೇಡ, ಚಿಸ್ವಿ ಅಂದರೆ ಸಾಕು. ಕೂರಲೇಬೇಡ, ಕೂತರೆ ಮಾತಿಗೆ ಹಿಡೀತಾರೆ."

ಹಳದಿ ಕಳಚುವಾಗ ಕಣ್ಣಿನ ಮೇಲೆ ಹುಬ್ಬಿನಂಥ ಮಾಸಲು ಗೆರೆಯೊಂದು ಉಳಿಯಿತು. "ಇರಲಿ ಬಿಡು, ಮರಿಗಳಿಗೆ ಗುರುತು ಬೇಕಲ್ಲ" ಎಂದಿತು ಮರ.

ಅಂದಿನಿಂದ ಉಲಿಯಕ್ಕಿ ಎಲೆಯಿಂದ ಎಲೆಗೆ ಜಿಗಿಯುತ್ತ ತಿಂದಿತು, ತಿಂದೇ ತಿಂದಿತು. ಗಾಳಿಯ ಜೊತೆ ಹೊರಟು ಗೂಡು ಸೇರಿತು. ಮರಿಗಳೂ ಆದವು.

ಕಥೆ ಮುಗಿಯಿತು. ನೀಲಾ ಉಸಿರು ಬಿಗಿಹಿಡಿದು ಮೇಲೆ ನೋಡುತ್ತಿದ್ದಳು. ಎಲೆಗಳ ನಡುವೆ ಒಂದು ಮಾಸಲು ಹುಬ್ಬು ಇಣುಕಿತು. ಅಷ್ಟರಲ್ಲಿ ಹಾಲೇಶಪ್ಪನವರು ಡಬ್ಬಿ ಎತ್ತಿ ಹಿಡಿದು, "ಒಂದು ನಿಮಿಷ ಕೂತು ಹೋಗಮ್ಮಾ!" ಎಂದು ಕೂಗಿದರು.

ಹೋಯಿತು.

ಅದಕ್ಕೇ ಮಗು, ಇಂದಿಗೂ ಹೊಂಗೆಮರದಿಂದ ಹಳದಿಯಾಗಿ ಉದುರುವುದು ಎಲೆ, ಹಸಿರಾಗಿ ಹಾರುವುದು ಉಲಿಯಕ್ಕಿ. ಮರಿಗಳಿಗಾಗಿ ಅದು ತೆತ್ತದ್ದು ಇಷ್ಟು: ಅರಿಶಿನದ ಮೈ, ಕೊಂಬೆಯ ತುದಿಯ ಜಾಗ, ನಮ್ಮೂರಲ್ಲಿ ಹಾಡಬೇಕಾಗಿದ್ದ ಹಾಡು.