ಅವ್ವಗೊಂದು ತಂಪು ಮನಿ

ಕೇಳ್ರಪ್ಪಾ, ನಗಾವರು ನಗ್ರಿ. ನನಗಂತೂ ಈ ಕತಿ ಹೇಳೂಮುಂದ ನಗು ಬರಂಗಿಲ್ಲ. ಗುರುಶಾಂತವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಹುಚ್ಚೀರ ಅಂತ ಒಬ್ಬನ ಮಗ. ಮೈಯಾಗ ಕೋಣನ ಶಕ್ತಿ, ತಲಿ ಮಾತ್ರ ಖಾಲಿ. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಇಬ್ಬರೂ ಇರೂದು ತಗಡಿನ ಶೆಡ್ಡಿನಾಗ. ಬ್ಯಾಸಗಿ ಬಂತಂದ್ರ ಅವ್ವಗ ಉಸಿರು ಸಿಗತಿರಲಿಲ್ಲ.

"ಇನ್ನೊಂದು ಬ್ಯಾಸಗಿ ಈ ತಗಡಿನ ಕೆಳಗ ನಾ ಉಳಿಯಂಗಿಲ್ಲಪಾ!"

ಬಡವರಿಗೆ ತಂಪು ಮನಿ ಕಟ್ಟಿಸೂ ಇಂಜಿನಿಯರ್ ಸುಮಂಗಲಾ ಅಕ್ಕಾರು ಬಂದ್ರು. ತುಸು ಸಿಮೆಂಟ್ ಬೆರಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗಿ ಮನಿ, ಬಾಜೂಕ ನೆರಳಿಗೆ ಬೇವಿನ ಗಿಡ ಅಂತ ಲೆಕ್ಕ ಹಾಕಿದ್ರು. "ಇಟ್ಟಿಗಿ ಚಲೋ ನೀರು ಕುಡೀಬೇಕು, ಹುಚ್ಚೀರಾ," ಅಂದ್ರು. ಆಗಲ್ರಿ ಅಂದ. ಆಗಷ್ಟೇ ಒತ್ತಿದ ಹಸಿ ಇಟ್ಟಿಗಿ ಮ್ಯಾಲೆ ಇಪ್ಪತ್ತು ಕೊಡ ಸುರುವಿದ. ಎಲ್ಲಾ ರಾಡಿ!

"ಅಯ್ಯ ನನ ಕರ್ಮವೇ!" ಅವ್ವ ಹಣಿ ಬಡಕೊಂಡ್ಲು. "ನೆರಳಾಗ ಇಟ್ಟು, ಮ್ಯಾಲೆ ತಾಡಪತ್ರಿ ಹೊಚ್ಚಬೇಕಿತ್ತೋ!"

"ಹಂಗ ಮಾಡ್ತೀನಿ ಬಿಡಬೇ."

ಅಕ್ಕಾರು ಮತ್ತ ಹೊಸಾ ಇಟ್ಟಿಗಿ ಒತ್ತಿಸಿದ್ರು. ಮರುದಿನ ಬೇವಿನ ಸಸಿ ಬಂತು. ನೆರಳಾಗ ಇಟ್ಟ, ತಾಡಪತ್ರಿ ಹೊಚ್ಚಿದ. ಎಂಟು ದಿನಕ್ಕ ಸಸಿ ಒಣಗಿ ಕಡ್ಡಿ ಆತು.

"ಅಯ್ಯ ನನ ಕರ್ಮವೇ! ಬಿಸಿಲಿಗೆ ಇಟ್ಟು, ದಿನಾ ಎರಡು ಕೊಡ ನೀರು ಹಾಕಬೇಕಿತ್ತೋ!"

"ಹಂಗ ಮಾಡ್ತೀನಿ ಬಿಡಬೇ."

ಆಮ್ಯಾಲೆ ಗ್ವಾಡಿ ಕಟ್ಟಾಕ ಸಿಮೆಂಟಿನ ಚೀಲ ಬಂದ್ವು. ಬಿಸಿಲಿಗೆ ಇಟ್ಟ, ದಿನಾ ಎರಡೆರಡು ಕೊಡ ಹಾಕಿದ. ಚೀಲ ಚೀಲಾನ ಕಲ್ಲು! ಕೆಲಸ ನಿಂತು ಹೋತು. ಬ್ಯಾಸಗಿ ಬಂದಬಿಡ್ತು. ಅವ್ವ ಹಾಸಿಗಿ ಹಿಡಿದ್ಲು.

"ಅಕ್ಕಾರನ್ನ ಕೇಳದ ಏನೂ ಮುಟ್ಟಬ್ಯಾಡೋ, ನಿನಗ ಕೈಮುಗೀತೀನಿ," ಅಂದ್ಲು.

"ಹಂಗ ಮಾಡ್ತೀನಿ ಬಿಡಬೇ."

ಒಂದು ಮಧ್ಯಾಹ್ನ ತಗಡು ಕಾದು ಹಂಚಾಗಿತ್ತು. "ನೀರು ಕೊಡೋ ಮಗನ," ಅಂದ್ಲು ಅವ್ವ. ಹುಚ್ಚೀರ ನೀರಿನ ಚರಗಿ ಮುಟ್ಟಲಿಲ್ಲ. "ತಡಿಬೇ, ಅಕ್ಕಾರನ್ನ ಕೇಳಿ ಬರ್ತೀನಿ!" ಅಂದಾಂವನ ಆರು ಮೈಲಿ ಓಡಿದ. ಅವ್ವನ ಮ್ಯಾಲಿನ ಪ್ರೀತಿಗೇ ಓಡಿದ ನೋಡ್ರಿ, ಪಾಪ!

ಅಕ್ಕಾರು ಹೌಹಾರಿದ್ರು. "ಮೊದಲ ನೀರು ಕುಡಿಸಬೇಕಿತ್ತಲ್ಲೋ! ಗಾಳಿಗೆ ಮಲಗಿಸಬೇಕಿತ್ತಲ್ಲೋ! ಅವ್ವ ಮಲಗೂ ಜಾಗಕ್ಕ ಎದರಾಬದರಾ ಎರಡು ಕಿಟಕಿ ಬೇಕಂತ ಎಷ್ಟು ಸಲ ಹೇಳಲಿ!" ಅಂತ ಸ್ಕೂಟರ್ ಮ್ಯಾಲೆ ಕೂಡಿಸ್ಕೊಂಡು ಬಂದ್ರು.

ಹುಚ್ಚೀರ ಅವ್ವನ ಹಣಿ ಮುಟ್ಟಿದ. "ಅಕ್ಕಾರ, ಮೈ ತಣ್ಣಗಾಗೇತಿ ನೋಡ್ರಿ! ಶಕಿ ಹೋತು!" ಅಂತ ನಕ್ಕ. ಅಕ್ಕಾರು ಬಾಯಿಗೆ ಸೆರಗು ಒತ್ತಿಕೊಂಡ್ರು.

ಮಣ್ಣು ಮಾಡಿದ್ರು. ವಾರ ಬಿಟ್ಟು ಅಕ್ಕಾರು ಬಂದು ನೋಡಿದ್ರ ಮನಿ ಕಟ್ಟೂ ಜಾಗದಾಗ ಉಳಿದಿದ್ದ ಇಟ್ಟಿಗಿ ಒಂದೂ ಇಲ್ಲ, ಹುಚ್ಚೀರನೂ ಇಲ್ಲ. ಹುಡುಕ್ಕೋತ ಸುಡಗಾಡಿಗೆ ಹೋದ್ರು. ಅವ್ವನ ಗೋರಿ ಸುತ್ತ ಮೊಣಕಾಲೆತ್ತರ ನಾಕು ಗ್ವಾಡಿ ಎಬ್ಬಿಸ್ಯಾನ. ಎದರಾಬದರಾ ಎರಡು ಕಿಟಕಿ ಬಿಟ್ಟಾನ. ಒಂದರೊಳಗ ಕೈ ಇಳಿಬಿಟ್ಟು ಗಾಳಿ ಆಡತೈತೋ ಇಲ್ಲೋ ನೋಡಾಕತ್ಯಾನ.

ಅಕ್ಕಾರು ಅಲ್ಲೇ ಕುಂತು ಅತ್ತುಬಿಟ್ರು.

ಹುಚ್ಚೀರ ಗಾಬರ್ಯಾದ. "ಮತ್ತ ತಪ್ಪಾತೇನ್ರಿ? ಬೈರಿ ಅಕ್ಕಾರ, ಎಲ್ಲಿ ತಪ್ಪಾತು ಹೇಳ್ರಿ. ಮುಂದಿನ ಸಲ ಅವ್ವಗ ಸರಿಯಾಗಿ ಕಟ್ಟತೀನಿ!"