ಬಿಚ್ಚದ ಕೊಂಡಿ

ತಗ್ಗಿನಬಾವಿಯ ಮಠಕ್ಕೆ ಗೋಪುರವಿರಲಿಲ್ಲ, ಬೆಳ್ಳಿಯ ಪಲ್ಲಕ್ಕಿಯೂ ಇರಲಿಲ್ಲ. ಕಲ್ಲುಚಪ್ಪಡಿಯ ಒಂದು ಪಡಸಾಲೆ, ಅದರ ಮೂಲೆಯಲ್ಲಿ ನೆಲ ತೋಡಿ ಹೂಡಿದ ಒಂದು ಕುಣಿಮಗ್ಗ; ಇಷ್ಟೇ ಅದರ ವೈಭವ. ಪರಮಪೂಜ್ಯ ಪರ್ವತಯ್ಯ ಅಜ್ಜನವರು ಲಿಂಗಪೂಜೆ ಮುಗಿದೊಡನೆ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಲು ಕೂಡುತ್ತಿದ್ದರು. ದರ್ಶನಕ್ಕೆ ಬಂದವರು ಲಾಳಿಯ ಸದ್ದು ನಿಲ್ಲುವವರೆಗೆ ಕಾಯಬೇಕು. ಊರಗೌಡನಿಗೂ ಈ ನಿಯಮದಿಂದ ವಿನಾಯಿತಿ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹಾಗೆ ಕಾದು ನಿಂತವನು ನೇಕಾರ ಮುರಿಗೆಪ್ಪ. ವಯಸ್ಸು ನಲವತ್ತೆರಡು. ಸೀರೆಯ ಒಡಲಿಗೆ ಸೆರಗು ಜೋಡಿಸುವುದರಲ್ಲಿ ಆ ಊರಿನಲ್ಲಿ ಅವನ ಕೈಗೆ ಸಮನಾದ ಕೈ ಇರಲಿಲ್ಲ. ಆ ಸೀಮೆಯ ಸೀರೆಗಳಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳ ಹಾಸು ಒಡಲಿಗೆ ಬೇರೆ, ಸೆರಗಿಗೆ ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ರೇಷ್ಮೆ ಎಳೆಯೊಳಗೆ ಸಿಕ್ಕಿಸಿ ಕುಣಿಕೆ ಹಾಕಬೇಕು. ಅದಕ್ಕೆ ಕೊಂಡಿ ಎಂದು ಹೆಸರು. ಒಮ್ಮೆ ಹಾಕಿದ ಕೊಂಡಿಯನ್ನು ಯಾವ ನೇಕಾರನೂ ಮತ್ತೆ ಮುಟ್ಟುವುದಿಲ್ಲ. ಮುರಿಗೆಪ್ಪ ಮುಟ್ಟತೊಡಗಿದ್ದನು.

ಕಾರಣ ಅತ್ಯಲ್ಪ. ಆರು ತಿಂಗಳ ಹಿಂದೆ ಒಂದು ಸೀರೆಯಲ್ಲಿ ಒಂದು ಕೊಂಡಿ ಜಾರಿತ್ತು. ಅಂದಿನಿಂದ ಅವನಿಗೆ ಹಾಕಿದ ಪ್ರತಿಯೊಂದು ಕೊಂಡಿಯೂ ಸಡಿಲವೆನಿಸುವುದು. ಬಿಚ್ಚಿ ಮತ್ತೆ ಹಾಕುವನು. ಮನಸ್ಸು ಒಪ್ಪದೆ ಮತ್ತೆ ಬಿಚ್ಚುವನು. ಮೂರನೆಯ ಸಲಕ್ಕೆ ರೇಷ್ಮೆಯ ಹುರಿ ಬಿಟ್ಟು ಎಳೆ ಹರಿಯುವುದು. ಹರಿದ ಎಳೆಯನ್ನು ಕಂಡು, ತಾನು ಹೆದರಿದ್ದು ಸರಿಯೇ ಆಯಿತೆಂದು ತಿಳಿಯುವನು. ಕ್ರಮೇಣ ಮಗ್ಗವನ್ನು ಕಂಡರೆ ಸಾಕು, ಎದೆ ನಗಾರಿಯಂತೆ ಬಡಿದುಕೊಳ್ಳುವುದು, ಅಂಗೈ ತಣ್ಣಗಾಗುವುದು, ಬೆರಳ ತುದಿ ಜುಮುಗುಟ್ಟುವುದು. ಈಗಲೇ ಪ್ರಾಣ ಹೋಗುತ್ತದೆಂದು ಗೋಡೆ ಹಿಡಿದು ನಿಲ್ಲುವನು. ತಾಲೂಕಿನ ಡಾಕ್ಟರು ಪರೀಕ್ಷಿಸಿ, ಹೃದಯ ಗಟ್ಟಿಯಾಗಿದೆ, ಇದು ಆತಂಕದ ಕಾಯಿಲೆ ಎಂದು ಗುಳಿಗೆ ಬರೆದುಕೊಟ್ಟಿದ್ದರು. ಗುಳಿಗೆ ಗೋಡೆಯ ಮಾಡದಲ್ಲಿ ಹಾಗೆಯೇ ಇತ್ತು. ಮೂರು ವಾರಗಳಿಂದ ಅವನು ಮಗ್ಗಕ್ಕೆ ಇಳಿದಿರಲಿಲ್ಲ. ಇಳಿಯದ ದಿನ ಜೀವಕ್ಕೆ ಹಾಯೆನಿಸುವುದು. ಮರುದಿನ ಮಗ್ಗದ ಕೋಣೆಯ ಹೊಸ್ತಿಲು ಇನ್ನಷ್ಟು ಎತ್ತರವಾಗುವುದು.

ಕಡೆಗೆ ಕುಣಿಯನ್ನೇ ಮಣ್ಣು ಹಾಕಿ ಮುಚ್ಚುವುದೆಂದು ನಿಶ್ಚಯಿಸಿದನು. ಬೇರೆ ಕಸುಬು ಅವನಿಗೆ ಬಾರದು. ಆದರೆ ಮಠದ ಅಪ್ಪಣೆಯಿಲ್ಲದೆ ನೇಕಾರನು ಕುಣಿ ಮುಚ್ಚುವಂತಿಲ್ಲ. ಅದು ಆ ಊರಿನ ಕಟ್ಟಳೆ.

ಲಾಳಿ ನಿಂತಿತು. ಮುರಿಗೆಪ್ಪ ಅಡ್ಡಬಿದ್ದನು.

"ಅಜ್ಜಾರ, ಕುಣಿ ಮುಚ್ಚತೀನ್ರಿ. ಅಪ್ಪಣಿ ಆಗಬೇಕು."

ಏಕೆಂದು ಅಜ್ಜನವರು ಕೇಳಲಿಲ್ಲ; ಅವನು ಕೊಂಡಿ ಬಿಚ್ಚುವ ಸುದ್ದಿ, ಡಾಕ್ಟರ ಗುಳಿಗೆಯ ಸುದ್ದಿ ಮಠಕ್ಕೂ ಮುಟ್ಟಿತ್ತು. "ಮುಂಜಾನಿಂದ ಎಷ್ಟು ಚಾ ಕುಡದಿ?" ಎಂದರು.

"ಆರು ಇರಬೇಕ್ರಿ."

ದಾಸೋಹದ ಅಡುಗೆ ನೋಡಿಕೊಳ್ಳುತ್ತಿದ್ದ ಗಂಗವ್ವ ಬಾಗಿಲಿನಿಂದಲೇ ತಿದ್ದಿದಳು: "ಇಲ್ಲಿ ಬಂದ ಮ್ಯಾಲೇ ನನ್ನ ಕಡಿಂದ ಎರಡು ಇಸಗೊಂಡಿ. ಎಂಟು ಅನ್ನು ತಮ್ಮಾ. ಮಠದಾಗ ನಿಂತು ಲೆಕ್ಕ ತಪ್ಪಸಬ್ಯಾಡ."

"ಊಟ?"

"ಗಂಟಲದಾಗ ಇಳಿಯಂಗಿಲ್ರಿ."

"ನಿದ್ದಿ?"

ಮುರಿಗೆಪ್ಪ ತಲೆಯಲ್ಲಾಡಿಸಿದನು.

"ಡಾಕ್ಟರ ಗುಳಿಗಿ?"

"ತಗೊಂಡಿಲ್ರಿ. ತಗೊಂಡು ಏನರ ಆದ್ರ?"

"ಗಂಗವ್ವಾ, ಇವಂಗ ರೊಟ್ಟಿ ಕೊಡು."

ಮುರಿಗೆಪ್ಪನಿಗೆ ಅವಮಾನವೆನಿಸಿತು. ಬದುಕೇ ಮುಳುಗಿದೆ ಎಂದು ಬಂದರೆ ಇವರು ಚಹಾ, ರೊಟ್ಟಿಯ ವಿಚಾರಣೆ ನಡೆಸಿದ್ದಾರೆ. ಭಯವನ್ನೇ ಕಾಣದವರಿಗೆ ಭಯದ ಸಂಗತಿ ಏನು ತಿಳಿದೀತು? ಅವನು ತಲೆಯೆತ್ತಿ ಆಡಬಾರದ್ದನ್ನು ಆಡಿಬಿಟ್ಟನು: "ತಮಗೇನ್ರಿ, ದೇವರಂಥವರು. ನಮ್ಮಂಥವರ ಎದಿ ಬಡಿತ ತಮಗ ತಿಳಿಯಂಗಿಲ್ಲ."

ಗಂಗವ್ವನ ಕೈಯ ರೊಟ್ಟಿ ಕೈಯಲ್ಲಿಯೇ ಉಳಿಯಿತು.

ಅಜ್ಜನವರು ಅವನ ಬಲಗೈಯನ್ನು ಹಿಡಿದು ತಮ್ಮ ಎದೆಯ ಮೇಲಿಟ್ಟುಕೊಂಡರು. ಕಾವಿಯ ಕೆಳಗೆ ಆ ವೃದ್ಧ ಹೃದಯವು ಬಲೆಯಲ್ಲಿ ಸಿಕ್ಕ ಮೊಲದಂತೆ ಹಾರುತ್ತಿತ್ತು. ಮುಖ ಮಾತ್ರ ಶಾಂತವಾಗಿತ್ತು.

"ಯಾರರ ಎದುರಿಗೆ ಬಂದು ನಿಂತ್ರ ನನಗ ಹಿಂಗಾಗತೈತಿ. ನಲವತ್ತು ವರ್ಷ ಆತು. ನಮ್ಮವ್ವಗೂ ಇತ್ತು. ನಿಮ್ಮಪ್ಪ, ಮನಿಗೆ ಕೀಲಿ ಹಾಕಿ ಓಣಿ ದಾಟಿದಾಂವ, ಕೀಲಿ ಬಿದ್ದೈತೋ ಇಲ್ಲೋ ನೋಡಾಕ ಮೂರು ಸಲ ತಿರುಗಿ ಬರತಿದ್ದ. ಈ ಎದಿ ಬಡಿತ ನೀ ಮಾಡಿಕೊಂಡಿದ್ದಲ್ಲ, ಮುರಿಗೆಪ್ಪ. ಕೊಂಡಿ ಬಿಚ್ಚಿದ್ದು ಮಾತ್ರ ನಿನ್ನ ಕೈ."

ಅವನು ರೊಟ್ಟಿ ತಿಂದನು. ಅರ್ಧವೇ ಇಳಿಯಿತು. ಅಷ್ಟು ಸಾಕೆಂದು ಅಜ್ಜನವರು ಎದ್ದು ಮಗ್ಗವನ್ನು ಅವನಿಗೆ ಬಿಟ್ಟುಕೊಟ್ಟರು. ಮಗ್ಗದ ಮೇಲೆ ಗಂಗವ್ವನಿಗೆಂದು ನೇಯುತ್ತಿದ್ದ ಸೀರೆಯಿತ್ತು. ಒಡಲು ಮುಗಿದಿತ್ತು, ಸೆರಗಿನ ಕೊಂಡಿ ಉಳಿದಿತ್ತು.

"ಹಾಕು. ಹಾಕಿದ್ದನ್ನ ಮುಟ್ಟಬ್ಯಾಡ."

ಹತ್ತು ಕೊಂಡಿಗಳವರೆಗೆ ಅವನು ತಡೆದುಕೊಂಡನು. ಹನ್ನೊಂದನೆಯದನ್ನು ಹಾಕಿದಾಗ ಹಿಂದಿನದು ಸಡಿಲವಾಗಿದೆಯೆಂಬ ಯೋಚನೆ ಚೇಳಿನಂತೆ ಕುಟುಕಿತು. ಉಸಿರು ಮೇಲೆಯೇ ನಿಂತಿತು. ಬೆನ್ನಿನಲ್ಲಿ ಬೆವರು ಇಳಿಯಿತು.

"ಅಜ್ಜಾರ, ಒಂದು ಸಲ ಬಿಚ್ಚಿ ನೋಡಲೇನ್ರಿ?"

"ಬ್ಯಾಡ."

"ಬಿಗಿ ಐತಿ ಅಂತ ನೀವರ ಹೇಳ್ರಿ."

"ಹೇಳಂಗಿಲ್ಲ."

ಅಜ್ಜನವರು ಮಂತ್ರ ಕೊಡಲಿಲ್ಲ, ವಿಭೂತಿ ಹಚ್ಚಲಿಲ್ಲ, ಬೆನ್ನು ತಟ್ಟಲಿಲ್ಲ. ಪಕ್ಕದಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮುರಿಗೆಪ್ಪ ಎರಡೂ ಕೈಗಳನ್ನು ತೊಡೆಯ ಮೇಲೆ ಒತ್ತಿಕೊಂಡು ಕುಳಿತನು. ಭಯ ಏರಿತು. ಇನ್ನು ತಾಳಲಾರೆ ಎನ್ನುವವರೆಗೆ ಏರಿತು. ಎದ್ದು ಓಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಏಳಲಿಲ್ಲ. ಕಿಟಕಿಯ ಬಿಸಿಲು ಒಂದು ಚಪ್ಪಡಿಯಿಂದ ಇನ್ನೊಂದಕ್ಕೆ ಸರಿಯುವಷ್ಟರಲ್ಲಿ, ಯಾರೂ ಇಳಿಸದೆಯೇ, ಅದು ಇಳಿಯತೊಡಗಿತು. ಅವನು ಬೆರಗಾಗಿ ಹನ್ನೆರಡನೆಯ ಎಳೆಗೆ ಕೈ ಹಾಕಿದನು. ಭಯ ಮತ್ತೆ ಬಂದಿತು. ಈ ಸಲ ಅಷ್ಟು ಎತ್ತರಕ್ಕೆ ಏರಲಿಲ್ಲ.

ಇಳಿಹೊತ್ತಿಗೆ ಕೊಂಡಿಗಳೆಲ್ಲ ಮುಗಿದವು. ಅಜ್ಜನವರು ನೇಯಲು ಸನ್ನೆ ಮಾಡಿದರು. ಲಾಳಿ ನಾಲ್ಕು ಸಲ ಓಡಿತು. ಐದನೆಯ ಸಲಕ್ಕೆ, ಎಡ ಅಂಚಿನ ಸಮೀಪ, ಒಂದು ಕೊಂಡಿ ಜಾರಿತು.

ಆರು ತಿಂಗಳಿಂದ ಹಗಲಿರುಳು ಯಾವುದಕ್ಕೆ ಹೆದರಿದ್ದನೋ ಅದು ಕಣ್ಣೆದುರಿಗೆ ನಡೆದುಹೋಯಿತು. ಮುರಿಗೆಪ್ಪ ಲಾಳಿ ನಿಲ್ಲಿಸಿದನು.

"ಜಾರ್ತ್ರೀ, ಅಜ್ಜಾರ."

ಅಜ್ಜನವರು ಬಗ್ಗಿ ನೋಡಿದರು. "ಜಾರ್ತು. ನೇಯಿ."

ಕಾಲು ನಡುಗಿತು. ನಡುಗುವ ಕಾಲೇ ತುಳಿಗೆಯನ್ನು ಒತ್ತಿತು. ಲಾಳಿ ಓಡಿತು. ಕೂದಲೆಳೆಯಷ್ಟು ಸೀಳು ಸೆರಗಿನ ಬುಡದಲ್ಲಿ ಉಳಿಯಿತು. ಅದರಾಚೆ ಬಟ್ಟೆ ಎಂದಿನಂತೆ ಬೆಳೆಯಿತು.

ಗಂಗವ್ವ ಬಂದು ಸೀಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಸೆರಗು ಬೆನ್ನ ಮ್ಯಾಲ ಇರತೈತಿ, ನನಗೇನ ಕಾಣಸತೈತಿ?" ಎಂದಳು. "ಹಿಂದ ಬರೋರು ನೋಡಕೊಂತ ಬರಲಿ. ನೀ ಲಗೂನ ಮುಗಸು, ಈ ಹಳೇದು ಮೈಮ್ಯಾಲ ನಿಲ್ಲವಲ್ದು."

ಅವನಿಗೆ ತನ್ನರಿವಿಲ್ಲದೆ ನಗು ಬಂದಿತು.

ಸಂಜೆ ಹೊರಡುವಾಗ ಪಾದ ಹಿಡಿದು ಕೇಳಿದನು: "ಈ ಭಯ ಯಾವಾಗ ಹೋಗತೈತ್ರಿ?"

"ನಂದ ಇನ್ನೂ ಹೋಗಿಲ್ಲ," ಎಂದರು ಅಜ್ಜನವರು. "ಚಾ ಎರಡ ಸಾಕು. ಗುಳಿಗಿ ತಗೋ, ಡಾಕ್ಟರನ್ನ ತಿರುಗಿ ಕಾಣು. ಹೊತ್ತಿಗೆ ಉಣ್ಣು, ಹೊತ್ತಿಗೆ ಮಲಗು. ದಿನಾ ಮಗ್ಗಕ್ಕ ಇಳಿ."

ಕುಣಿ ಮುಚ್ಚುವ ಅಪ್ಪಣೆಯನ್ನು ಅವನು ಮತ್ತೆ ಕೇಳಲಿಲ್ಲ. ಅಜ್ಜನವರೂ ಆ ಮಾತೆತ್ತಲಿಲ್ಲ.

ಪೂಜ್ಯರು ಎದೆ ಮುಟ್ಟಿಸಿ ಮುರಿಗೆಪ್ಪನ ಭಯವನ್ನು ಬೇರುಸಹಿತ ಕಿತ್ತರೆಂದು ಹೇಳುವವರಿದ್ದಾರೆ. ಭಕ್ತಿಯ ಭರದಲ್ಲಿಯೂ ಸುಳ್ಳು ಹೇಳಬಾರದು. ಮರುದಿನ ಬೆಳಿಗ್ಗೆ ಅವನು ಗುಳಿಗೆ ನುಂಗಿ, ಅದರಿಂದೇನಾಗುವುದೋ ಎಂದು ಹೆದರುತ್ತಲೇ ಕುಣಿಗೆ ಇಳಿದನು. ಎದೆ ಬಡಿದುಕೊಳ್ಳುತ್ತಿತ್ತು. ಅವನ ಹೆಂಡತಿ ನಿಂಬೆವ್ವ ಕೋಣೆಯ ಬಾಗಿಲಿಗೆ ಬಂದು ಅವನ ಕೈಯನ್ನೇ ನೋಡುತ್ತ ನಿಂತಳು. ಅವನು ಒಂದು ಕೊಂಡಿ ಹಾಕಿದನು. ಬಹಳ ಹೊತ್ತು ಅದನ್ನೇ ನೋಡಿದನು. ಆಮೇಲೆ ಪಕ್ಕದ ಎಳೆಯನ್ನು ಎತ್ತಿಕೊಂಡನು.