ಪುಕ್ಕಲನ ಗುಂಡುಕಲ್ಲು

ತುಪ್ಪದಹಟ್ಟಿಯ ಬೆಟ್ಟದ ನೆತ್ತಿಯಲ್ಲಿ, ಬಂಡೆಯ ಅಂಚಿನಿಂದ ತುಸು ಹಿಂದಕ್ಕೆ, ಆಳೆತ್ತರದ ಒಂದು ಗುಂಡುಕಲ್ಲು ನಿಂತಿದೆ. ಅಂಚಿನ ಕೆಳಗೆ ಕಾಲಿಡಲು ಜಾಗವಿಲ್ಲದ ಕಡಿದಾದ ಕಲ್ಲುಗೋಡೆ. ಅದರ ಹೊಟ್ಟೆಯಲ್ಲಿ ಈಗಲೂ ಹೆಜ್ಜೇನು ಕಟ್ಟುತ್ತದೆ. ಆ ಕಲ್ಲನ್ನು ಊರವರು ಪುಕ್ಕಲನ ಗುಂಡುಕಲ್ಲು ಎನ್ನುತ್ತಾರೆ. ಈ ಹೆಸರು ಕೆಲವರಿಗೆ ರುಚಿಸುವುದಿಲ್ಲ. ಹೋದ ವರ್ಷ ಯುವಕ ಸಂಘದವರು ಅದರ ಬುಡದಲ್ಲಿ ‘ವೀರ ಚಿತ್ತಯ್ಯನ ಕಲ್ಲು’ ಎಂದು ಹಳದಿ ಬಣ್ಣದಲ್ಲಿ ಬರೆಸಿದರು. ಮತ್ತೊಬ್ಬರು ಒಂದು ಶತ್ರುಸೈನ್ಯವನ್ನೇ ಇಲ್ಲಿಗೆ ಕರೆತಂದು ಕಿರುಹೊತ್ತಗೆ ಅಚ್ಚು ಹಾಕಿಸಿದ್ದಾರೆ. ಈ ಬೆಟ್ಟಕ್ಕೆ ಯಾವ ಸೈನ್ಯವೂ ಬಂದದ್ದಿಲ್ಲ. ಬರಲು ಕಾರಣವೂ ಇರಲಿಲ್ಲ. ಹೇಳಿ ಹೇಳಿ ಸಾಕಾಗಿ, ಹಿರಿಯರಿಂದ ಕೇಳಿದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಆ ಮಾತಿನ ವಿಚಾರ. ಹೇಡಿ ಎಂದರೆ ಬೈಗುಳ, ಕೇಳಿದವನು ಕೈಯೆತ್ತಬಹುದು. ಅಂಜುಬುರುಕ ಎಂದರೆ ಒಬ್ಬನ ಸ್ವಭಾವವನ್ನು ಹೇಳಿದಂತೆ, ಅಷ್ಟೇ. ಪುಕ್ಕಲ ಎನ್ನುವಾಗ ಮಾತ್ರ ಹೇಳುವವನಿಗೆ ಬೇಸರವೂ ಇರುತ್ತದೆ, ನಗುವೂ ಇರುತ್ತದೆ. ಹಳ್ಳದ ಅಂಚಿನಲ್ಲಿ ನಿಂತು, ಮಂದೆಯೆಲ್ಲ ದಾಟಿದ ಮೇಲೂ ನೀರನ್ನೇ ಮೂಸುವ ಕುರಿಗೆ ನಮ್ಮೂರಲ್ಲಿ ಪುಕ್ಕಲ ಎನ್ನುತ್ತಾರೆ. ಬಾಗಿಲ ಅಗುಳಿ ಹಾಕಿ ಮಲಗಿ, ಮತ್ತೆ ಎದ್ದು ಹೋಗಿ ಅದನ್ನು ಮುಟ್ಟಿ ನೋಡುವ ಮುದುಕನಿಗೂ ಅದೇ ಮಾತು. ನಿಘಂಟಿನಲ್ಲಿ ಮೂರೂ ಒಂದೇ ಸಾಲಿನಲ್ಲಿ ಕೂತಿವೆ. ಊರಲ್ಲಿ ಹಾಗೆ ಕೂರುವುದಿಲ್ಲ.

ಹಿಂದೆ, ಹಟ್ಟಿಯ ಬದುಕೆಲ್ಲ ಜೇನಿನ ಮೇಲೆ ನಿಂತಿದ್ದ ಕಾಲದಲ್ಲಿ, ಕಾಟಯ್ಯನೆಂಬ ಜೇನು ಇಳಿಸುವವನಿದ್ದ. ಅಂಚಿನಿಂದ ಹಗ್ಗದಲ್ಲಿ ಇಳಿದು ಜೇನುಹುಟ್ಟು ಕೊಯ್ಯುವುದರಲ್ಲಿ ಅವನಿಗೆ ಸಮನಾದವರಿರಲಿಲ್ಲ. ಇಳಿಯುವವನ ಹಗ್ಗವನ್ನು ಗುಂಡುಕಲ್ಲಿಗೆ ಒಂದು ಸುತ್ತು ಬಳಸಿ, ಮೇಲೊಬ್ಬ ಹಿಡಿದು, ಬೇಕಾದಂತೆ ಬಿಡುತ್ತ ಹೋಗಬೇಕು. ಹಾಗೆ ಹಿಡಿಯುವವನು ಇಳಿಯುವವನ ಹೆಂಡತಿಯ ಒಡಹುಟ್ಟಿದವನೇ ಆಗಿರಬೇಕೆಂಬುದು ಹಟ್ಟಿಯ ಕಟ್ಟಳೆ. ಸ್ವಂತ ಅಣ್ಣತಮ್ಮಂದಿರಿಗೆ ಆಸ್ತಿಯ ಆಸೆ ಹುಟ್ಟಬಹುದು. ಆದರೆ ಅಕ್ಕತಂಗಿಯ ತಾಳಿಯನ್ನು ಯಾರೂ ಕೈಯಾರೆ ಹರಿಯುವುದಿಲ್ಲ ಎಂಬ ಲೆಕ್ಕ. ಕಾಟಯ್ಯನ ಹೆಂಡತಿ ಸಿರಿಯವ್ವನಿಗೆ ಇದ್ದದ್ದು ಒಬ್ಬನೇ ತಮ್ಮ, ಚಿತ್ತಯ್ಯ. ತನ್ನ ನೆರಳು ಅಲುಗಿದರೂ ಬೆಚ್ಚಿ ನಿಲ್ಲುವವನು. ಬೇರೆಯವರನ್ನು ಕೊಡಿ ಎಂದು ಕಾಟಯ್ಯ ಹಿರಿಯರನ್ನು ಬೇಡಿದ. “ಹೆಣ್ಣು ತರೋವಾಗ ಬಾಮೈದನ್ನ ನೋಡ್ಕಬೇಕಿತ್ತು,” ಎಂದು ಅವರು ನಕ್ಕು ಕಳಿಸಿದರು.

ಜೇನನ್ನು ಬಿಸಿಲೇರುವ ಮೊದಲು, ನೊಣ ಚಳಿಗೆ ಮುದುಡಿಕೊಂಡಿರುವಾಗಲೇ ಇಳಿಸಬೇಕು. ಆ ದಿನವೂ ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ನೆತ್ತಿಯಲ್ಲಿದ್ದರು. ಹೊಗೆ ಹಾಕುವ ಸೊಪ್ಪಿನ ಸೂಡಿ ಸಿದ್ಧವಾಯಿತು, ಬುಟ್ಟಿ ಸಿದ್ಧವಾಯಿತು. ಚಿತ್ತಯ್ಯ ಮಾತ್ರ ಪುಂಡಿನಾರಿನ ಹಗ್ಗವನ್ನು ಗೇಣುಗೇಣಾಗಿ ಸವರಿ ನೋಡುತ್ತ ಕುಳಿತಿದ್ದ. ತುದಿ ಮುಟ್ಟಿದ ಮೇಲೆ ಮತ್ತೆ ಮೊದಲಿಂದ ಹಿಡಿದ.

“ಹಗ್ಗದಲ್ಲಿ ಹೇನು ನೋಡ್ತಿದೀಯೇನೋ?” ಎಂದ ಕಾಟಯ್ಯ.

“ಇನ್ನೊಂದ್ಸಲ ನೋಡ್ತೀನಿ ಬಾವ. ಎಲ್ಲೋ ಎಳೆ ಬಿಟ್ಟಂಗಿತ್ತು.”

“ಆಗ್ಲೇ ನೋಡ್ದೆ ಕಣೋ ಪುಕ್ಕಲ. ಇಳಿಯೋನು ನಾನು, ಬೆವರೋನು ನೀನು.”

“ನಿಂಗೇನು ಬಾವ, ಬಿದ್ರೆ ಮುಗೀತು. ಅಕ್ಕನ ಮುಖ ನೋಡ್ಬೇಕಾದೋನು ನಾನಲ್ವಾ?”

ನೆರೆದವರು ನಕ್ಕರು. ಕಾಟಯ್ಯ ನಗಲಿಲ್ಲ. ಮೂಡಲು ಕೆಂಪೇರುತ್ತಿತ್ತು. ಅಷ್ಟಾದರೂ ಚಿತ್ತಯ್ಯನಿಗೆ ತನ್ನ ಕೈಗಳ ಮೇಲೆಯೇ ನಂಬಿಕೆ ಬರಲಿಲ್ಲ. ಹಗ್ಗದ ಕೊನೆಯನ್ನು ತನ್ನ ಸೊಂಟಕ್ಕೆ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ, ಉಗುಳು ಹಚ್ಚಿ ಬಿಗಿದುಕೊಂಡ. ಹಾಗೆ ಹಟ್ಟಿಯಲ್ಲಿ ಯಾರೂ ಕಟ್ಟಿಕೊಂಡದ್ದಿಲ್ಲ. ಹಿಡಿಯುವವನು ದನವಲ್ಲ ಎಂದು ಹಿರಿಯನೊಬ್ಬ ಛೀಮಾರಿ ಹಾಕಿದ. ಈ ಎಲ್ಲ ರಗಳೆ ಮುಗಿದು ಕಾಟಯ್ಯ ಗೋಡೆಯ ನಡುವಿಗೆ ಇಳಿಯುವ ಹೊತ್ತಿಗೆ ಬಿಸಿಲು ಹುಟ್ಟನ್ನು ಮುಟ್ಟಿಬಿಟ್ಟಿತ್ತು.

ನೊಣ ಎದ್ದವು. ಅರ್ಧ ಕಾಟಯ್ಯನನ್ನು ಮುತ್ತಿದವು, ಅರ್ಧ ನೆತ್ತಿಗೆ ಬಂದವು. ಮೇಲಿದ್ದ ಧೈರ್ಯವಂತರೆಲ್ಲ ಕಂಬಳಿ ಹೊದ್ದು ಇಳಿಜಾರಿಗೆ ಓಡಿದರು. ಚಿತ್ತಯ್ಯನೂ ಹಗ್ಗ ಬಿಟ್ಟು ಓಡಿದ. ಇದನ್ನೇ ನಮ್ಮ ಸಂಘದವರು ಕೇಳಲು ಒಪ್ಪುವುದಿಲ್ಲ. ಆದರೆ ಓಡಿದ್ದು ನಿಜ. ಅಷ್ಟರಲ್ಲಿ ಕಾಟಯ್ಯನ ಭಾರಕ್ಕೆ ಹಗ್ಗ ಸರ್ರನೆ ಜಾರಿ, ಚಿತ್ತಯ್ಯನನ್ನು ಸೊಂಟದಿಂದ ಹಿಂದಕ್ಕೆಳೆದು ಗುಂಡುಕಲ್ಲಿಗೆ ಅಪ್ಪಳಿಸಿ ಹಿಡಿಯಿತು. ಕೆಳಗೆ ಕಾಟಯ್ಯ ಬೀಳುವುದು ಅಲ್ಲಿಗೇ ನಿಂತಿತು. ಚಿತ್ತಯ್ಯ ಅಳುತ್ತ, ಗಂಟು ಬಿಚ್ಚಲು ಉಗುರು ಮುರಿಯುವವರೆಗೆ ಹೆಣಗಿದನಂತೆ. ಅವನು ಎಂಥ ಪುಕ್ಕಲನೆಂದರೆ, ಅವನು ಹಾಕಿದ ಗಂಟನ್ನು ಅವನಿಗೇ ಬಿಚ್ಚಲಾಗಲಿಲ್ಲ.

ಕಾಟಯ್ಯ ಹಗ್ಗ ಹಿಡಿದು ಹತ್ತಿ ಮೇಲೆ ಬಂದ. ಕಣ್ಣು ಊದಿ ಮುಚ್ಚಿದ್ದವು. ಕಲ್ಲಿಗೆ ಅಂಟಿಕೊಂಡಿದ್ದ ಬಾಮೈದನನ್ನು ಕೈಯಿಂದ ತಡವಿ ಗುರುತು ಹಿಡಿದ.

“ಬಿಟ್ಯೇನೋ?” ಎಂದು ಕೇಳಿದ.

“ಬಿಟ್ಟೆ ಬಾವ. ಹಗ್ಗ ನನ್ನ ಬಿಡ್ಲಿಲ್ಲ.”

ಇಬ್ಬರ ಮೈಯಿಂದಲೂ ನೊಣದ ಮುಳ್ಳನ್ನು ಸಿರಿಯವ್ವನೇ ಕಿತ್ತಳು ಎನ್ನುತ್ತಾರೆ. ಕಾಟಯ್ಯನೇ ಹಿರಿಯರ ಮುಂದೆ, ಚಿತ್ತಯ್ಯ ಹಿಡಿದು ನಿಂತ, ಈ ಗುಂಡುಕಲ್ಲಿಗೆ ವೀರನೆಂದು ಅವನ ಹೆಸರಿಡಿ ಎಂದ. ಚಿತ್ತಯ್ಯ ಒಪ್ಪಲಿಲ್ಲ. “ತಡ ಮಾಡಿ ನೊಣ ಎಬ್ಬಿಸಿದ್ದೂ ನಾನೇ, ಓಡಿದ್ದೂ ನಾನೇ. ಆಮೇಲೆ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ?” ಎಂದನಂತೆ. ಸುಳ್ಳು ಹೇಳುವುದಕ್ಕೂ ಅವನಿಗೆ ಹೆದರಿಕೆ. ಕೊನೆಗೆ ಹಿರಿಯರು ಬೇಸತ್ತು, ವೀರನೂ ಬೇಡ, ಹೇಡಿಯೂ ಬೇಡ, ಇರುವುದೇ ಇರಲಿ ಎಂದು ಕಲ್ಲಿಗೆ ಪುಕ್ಕಲನ ಹೆಸರನ್ನೇ ಇಟ್ಟರು.

ಇಂದು ಜೇನಿನ ಕಾಲದಲ್ಲಿ ಹತ್ತಿ ಹೋದವರಿಗೆ ಕಲ್ಲಿನ ಮೈಯಲ್ಲಿ ಹಗ್ಗ ಸವೆಸಿದ ಗೀರುಗಳು ಕಾಣುತ್ತವೆ. ಈಗ ನೈಲಾನ್ ಹಗ್ಗ. ಹಿಡಿಯುವವನು ಬಾಮೈದನೇ ಆಗಬೇಕೆಂದೂ ಇಲ್ಲ. ಆದರೆ ಹಗ್ಗದ ಕೊನೆಯನ್ನು ಸೊಂಟಕ್ಕೆ ಬಿಗಿಯದೆ ಯಾರೂ ಹಿಡಿಯುವುದಿಲ್ಲ. ಆ ಗಂಟಿಗೂ ಪುಕ್ಕಲ ಎಂದೇ ಹೆಸರು. ಇಳಿಯುವವನು ಎಂಥ ಗಟ್ಟಿಗನಾದರೂ ಅಂಚಿನಲ್ಲಿ ನಿಂತು, “ಪುಕ್ಕಲ ಹಾಕ್ದ್ಯಾ?” ಎಂದು ಕೇಳುತ್ತಾನೆ. ಹಿಂದಿನವನು ಸೊಂಟ ತಡವಿ ನೋಡಿಕೊಂಡು “ಹಾಕ್ದೆ” ಎಂದ ಮೇಲೆಯೇ ಅವನ ಕಾಲು ಬಂಡೆಯನ್ನು ಬಿಡುವುದು.